ಮಿಷಿನ್ನಿನ ಅಡಿಗೆ ಮಲಗುತ್ತಿದ್ದವಳು

ಅವಳ ಎಡಗಿವಿಯ ತುದಿಯಲ್ಲಿ ಒಂದು ಕಚ್ಚು ಇತ್ತು. ರವಿಕೆಗೆ ತೋಳು ಕೂಡಿಸುವ ಜಾಗ ತಪ್ಪದಿರಲಿ ಎಂದು ನಾವು ಬಟ್ಟೆಯ ಅಂಚಿಗೆ ಕತ್ತರಿಯ ತುದಿಯಿಂದ ಹಾಕುತ್ತೇವಲ್ಲ, ಅಷ್ಟೇ ಚಿಕ್ಕದು, ಅಷ್ಟೇ ನೇರ. ಮರಿ ಹಾಕದಂತೆ ಆಪರೇಷನ್ ಆದ ಬೀದಿನಾಯಿಗೆ ಅದು ಗುರುತು ಎಂದು ಆಮೇಲೆ ತಿಳಿಯಿತು. ಮೊದಲ ಸಲ ನೋಡಿದಾಗ ಮಾತ್ರ, ನನ್ನ ಕಸುಬಿನವರೇ ಯಾರೋ ಇವಳನ್ನು ಅಳತೆ ಹಿಡಿದು ಅರ್ಧಕ್ಕೆ ಬಿಟ್ಟಿದ್ದಾರೆ ಅನ್ನಿಸಿತ್ತು. ಬಲಗಿವಿ ಇಸ್ತ್ರಿ ಕಾಣದ ಕಾಲರಿನಂತೆ ಸದಾ ಮಡಚಿಕೊಂಡಿರುತ್ತಿತ್ತು. ಮೈಬಣ್ಣ ಹಾಲು ಜಾಸ್ತಿಯಾದ ಚಹಾದ್ದು.

ಯಲ್ಲಾಪುರದಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಹೊಲಿಗೆ ಅಂಗಡಿ. ತವರು ಬನವಾಸಿ ಕಡೆ. ಏಳು ವರ್ಷದವಳಿದ್ದಾಗ ನಾಯಿ ಕಚ್ಚಿ, ಹೊಟ್ಟೆಗೆ ಸಾಲು ಸಾಲು ಸೂಜಿ ಚುಚ್ಚಿಸಿಕೊಂಡಿದ್ದೆ. ಆಮೇಲೆ ನಾಯಿಯೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ಅಂಥವಳ ಪಕ್ಕದಲ್ಲೇ, ಮುಚ್ಚಿಹೋದ ಕಟ್ಟಿಗೆ ಮಿಲ್ಲಿನ ಶೆಡ್ಡಿನಲ್ಲಿ, ಬೀದಿನಾಯಿಗಳ ಆಶ್ರಯಧಾಮ ಶುರುವಾಯಿತು. ಶುರು ಮಾಡಿದವರು ದನದ ಆಸ್ಪತ್ರೆಯಲ್ಲಿ ಕಂಪೌಂಡರಾಗಿ ನಿವೃತ್ತರಾದ, ನಂದೊಳ್ಳಿ ಕಡೆಯ ಒಬ್ಬ ಹಿರಿಯರು. ನಾನು ಸಿಟ್ಟಿಗೆದ್ದು ಪಟ್ಟಣ ಪಂಚಾಯಿತಿಗೆ ಅರ್ಜಿ ಬರೆದು, ಬೀದಿಯ ಮನೆಮನೆಗೂ ಹೋಗಿ ಸಹಿ ಹಾಕಿಸಿದೆ. ಕಂಪೌಂಡರು ಅರ್ಜಿಯನ್ನು ಕೇಳಿ ಪಡೆದು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

“ನಿಂಗೆ ಹೆದರಿಕೆ ಇದ್ದಿದ್ದು ಹೌದಲೇ, ತಂಗೀ” ಎಂದು ತಾವೂ ಕೆಳಗೆ ಸಹಿ ಹಾಕಿ ಕೊಟ್ಟರು.

ಇಂಥ ಮನುಷ್ಯನ ಜೊತೆ ಜಗಳ ಆಡುವುದಾದರೂ ಹೇಗೆ? ಅರ್ಜಿ ಇವತ್ತಿಗೂ ನನ್ನ ದಾರದ ಡಬ್ಬಿಯ ತಳದಲ್ಲಿದೆ.

ಅವರ ಆಶ್ರಯಧಾಮದಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿ ಯಾವ ನಾಯಿಗೂ ಹೆಸರಿಡುವಂತಿರಲಿಲ್ಲ. ಹೆಸರಿಡುವ ಹಕ್ಕು ಕರೆದುಕೊಂಡು ಹೋಗುವ ಮನೆಯವರದು. ಅಲ್ಲಿಯವರೆಗೆ ಸಿಕ್ಕಿದ ಜಾಗವೇ ಗುರುತು: ಬಸ್ ಸ್ಟ್ಯಾಂಡಿನವನು, ಸಂತೆಯವಳು, ಪೆಟ್ರೋಲ್ ಬಂಕಿನ ಮರಿಗಳು. ಒಯ್ದವರಿಗೆ ಎಂಟು ದಿನದ ವಾಯಿದೆ. ಎಂಟನೇ ದಿನ ಒಂದೋ ನಾಯಿ ತಿರುಗಿ ಬರಬೇಕು, ಇಲ್ಲವೇ ಹೆಸರು ಬರಬೇಕು. ಹೆಸರು ಬಂತೆಂದರೆ ಕಂಪೌಂಡರು ಶೆಡ್ಡಿನ ಬಾಗಿಲ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಅದನ್ನು ಬರೆದು, ಆ ದಿನ ಎಲ್ಲ ನಾಯಿಗಳಿಗೂ ಅನ್ನದ ಜೊತೆ ಬೆಲ್ಲದ ಚೂರು ಹಾಕುತ್ತಿದ್ದರು.

ಇವಳು ಮರದ ಡಿಪೋದಲ್ಲಿ, ದಿಮ್ಮಿಗಳ ಸಂದಿಯಲ್ಲಿ ಸಿಕ್ಕವಳು. ಹಾಗಾಗಿ ಡಿಪೋದವಳು. ಅವಳ ನಂತರ ಬಂದವರಿಗೆಲ್ಲ ಹೆಸರು ಬಂತು. ಮೂರು ವರ್ಷ ಕಳೆದರೂ ಇವಳು ಡಿಪೋದವಳಾಗಿಯೇ ಉಳಿದಳು. ಮೂತಿಯ ಸುತ್ತ ಬಿಳಿಕೂದಲು ಕಾಣಿಸಿಕೊಂಡಿತು. ವಯಸ್ಸಾದ ನಾಯಿಯನ್ನು ಯಾರೂ ಒಯ್ಯುವುದಿಲ್ಲ ಎಂಬ ಚಿಂತೆ ಕಂಪೌಂಡರಿಗೆ ಹತ್ತಿತು.

ನನಗೂ ಅವಳಿಗೂ ಗುರುತಾಗಿದ್ದು ಒಂದು ರೇಷ್ಮೆ ತುಂಡಿನಿಂದ. ಮದುವೆ ಹುಡುಗಿಯೊಬ್ಬಳ ರವಿಕೆಗೆ ಕತ್ತರಿಸಿಟ್ಟ ತೋಳೊಂದು, ಲಾರಿ ಹೋದ ಗಾಳಿಗೆ ಹಾರಿ ಗಟಾರದ ಅಂಚಿಗೆ ಬಿತ್ತು. ನಾನು ಏಳುವಷ್ಟರಲ್ಲಿ ಅದು ಇವಳ ಬಾಯಲ್ಲಿತ್ತು. ಹತ್ತಿರ ಹೋಗಲು ಹೆದರಿಕೆ, ಬಿಟ್ಟರೆ ಮದುವೆಯ ರವಿಕೆ ಹಾಳು. ನಿಂತಲ್ಲೇ ಬಾಯಿಗೆ ಸೆರಗು ಹಿಡಿದುಕೊಂಡೆ. ಅವಳು ಬಂದಳು. ಮೆಟ್ಟಿಲ ಮೇಲೆ ಬಟ್ಟೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕುಳಿತಳು. ತಿರುಗಿಸಿ ಮುರುಗಿಸಿ ನೋಡಿದೆ, ಒಂದು ಹಲ್ಲಿನ ಗುರುತಿಲ್ಲ. ನನಗಿಂತ ಹಗುರವಾದ ಕೈ ಅವಳ ಬಾಯಿಗಿತ್ತು.

ಮರುದಿನದಿಂದ ಕಂಪೌಂಡರು ಬೆಳಿಗ್ಗೆ ಬಾಗಿಲು ತೆಗೆಯುವುದೇ ತಡ, ಅವಳು ನನ್ನ ಮೆಟ್ಟಿಲ ಮೇಲೆ ಹಾಜರು. ವಾರದಲ್ಲಿ ಹೊಸಿಲು ದಾಟಿದಳು. ಇನ್ನೊಂದು ವಾರದಲ್ಲಿ ಮಿಷಿನ್ನಿನ ಅಡಿಗೆ, ಚಿಂದಿ ರಾಶಿಯ ಮೇಲೆ, ಹಕ್ಕಿನವಳಂತೆ ಮಲಗಿದಳು. ಪೆಡಲು ತುಳಿಯುವ ನನ್ನ ಪಾದಕ್ಕೆ ಅವಳ ಬೆನ್ನು ತಾಗುತ್ತಿತ್ತು. ಹೆದರಿಕೆ ಯಾವತ್ತು ಹೋಯಿತು ಎಂದು ಕೇಳಿದರೆ ಹೇಳಲಾರೆ. ಒಂದು ದಿನ ಊಟದ ಡಬ್ಬಿಯಲ್ಲಿ ಅವಳಿಗೆಂದೇ ಒಂದು ರೊಟ್ಟಿ ಹೆಚ್ಚಿಗೆ ಹಾಕಿಕೊಂಡು ಬಂದಿದ್ದೆ, ಅಷ್ಟು ಗೊತ್ತು. ಬೀದಿಯವರು ನೋಡಿ ನಕ್ಕರೆ, “ಅದಾಗೇ ಬರ್ತೈತ್ರಿ, ನಾನೇನ್ ಕರದೇನು?” ಎನ್ನುತ್ತಿದ್ದೆ.

ಹಾಗಾದರೆ ನಾನೇ ಮನೆಗೆ ಒಯ್ಯಬಹುದಿತ್ತಲ್ಲ? ಒಯ್ಯಲಿಲ್ಲ. ಊರಿಗೆಲ್ಲ ತಿರುಗಿ ಸಹಿ ಹಾಕಿಸಿದವಳು ಈಗ ನಾಯಿಯ ಬೆಲ್ಟು ಹಿಡಿದು ಅದೇ ಬೀದಿಯಲ್ಲಿ ಹೋಗುವುದೇ? ಬರೀ ಜಂಬ. ಹಗಲೆಲ್ಲ ಅವಳು ನನ್ನ ಕಾಲಡಿ ಇರುತ್ತಾಳಲ್ಲ, ಸಾಕು ಅಂದುಕೊಂಡೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಅವಳು ಶೆಡ್ಡಿನ ಜಾಲರಿಯ ಒಳಗೆ ಹೋಗುತ್ತಾಳೆ ಎಂಬುದನ್ನು ನಾನು ಯೋಚಿಸದೇ ಇರುತ್ತಿದ್ದೆ.

ಅವಳನ್ನು ಯಾರೂ ಒಯ್ಯದಿರಲು ಕಾರಣ ಒಂದೇ, ಅವಳು ಬೊಗಳುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ನಾಯಿ ಹುಡುಕಿಕೊಂಡು ಬರುವವರು ಜಾತಿ, ಬಣ್ಣ ಕೇಳುವುದಿಲ್ಲ. ತೋಟಕ್ಕೆ ಬರುವ ಮಂಗ ಓಡಿಸುತ್ತದಾ ಎಂದು ಕೇಳುತ್ತಾರೆ. ಹೆಗಡೆಕಟ್ಟಾದಿಂದ ಬಂದ ಯಜಮಾನರೊಬ್ಬರು ಮಾತ್ರ, ಡಿಪೋದಲ್ಲಿ ಬೆಳೆದ ನಾಯಿ ಗಟ್ಟಿ ಇದ್ದೀತು ಎಂದು ತಾವೇ ತೀರ್ಮಾನಿಸಿ ಒಯ್ದರು. ಮೂರನೇ ದಿನ ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ವಾಪಸ್ ಬಂದರು. ಮದುವೆಮನೆಯಿಂದ ಮರಳುವ ಅತ್ತಿಗೆಯಂತೆ ಅವಳು ಕಿಟಕಿಯಿಂದ ಆಚೆ ನೋಡುತ್ತಿದ್ದಳು.

“ಮಂಗ ಬಂದ್ರೆ ಇದು ಎದ್ದು ಜಾಗ ಕೊಡ್ತು ಮಾರಾಯ” ಎಂದರು ಯಜಮಾನರು ಕಂಪೌಂಡರಿಗೆ. “ಇದರ ಎದುರಿಗೇ ಬಾಳೆಗೊನೆ ಹೋತು. ಆನು ಎಂತ ಮಾಡವು?”

ಮಂಗನ ಮರಿಯೊಂದು ಬಾಲ ಹಿಡಿದು ಜಗ್ಗಿದರೂ ಸುಮ್ಮನಿದ್ದಳಂತೆ. ದೂರು ಹೇಳುತ್ತಿದ್ದ ಯಜಮಾನರ ಚಪ್ಪಲಿಯ ಮೇಲೆ ಅವಳು ಗದ್ದ ಊರಿ ಮಲಗಿದಳು. ಅವರು ಬಗ್ಗಿ ಅವಳ ತಲೆ ಸವರುತ್ತಲೇ ಚಹಾ ಮುಗಿಸಿ, ಅವಳನ್ನು ಬಿಟ್ಟು ಹೋದರು. ನಾನು ಹೊಟ್ಟೆ ತುಂಬ ನಕ್ಕೆ. ನಿಜ ಹೇಳಬೇಕೆಂದರೆ ಅವಳು ವಾಪಸ್ ಬಂದಿದ್ದಕ್ಕೇ ನಕ್ಕಿದ್ದು. ಕಂಪೌಂಡರು ನಗಲಿಲ್ಲ.

ಕಳೆದ ವರ್ಷ ಸಿದ್ದಾಪುರದ ಕಡೆಯ ಒಬ್ಬ ಅಮ್ಮ, ತಂಗಿಯ ಮನೆಗೆಂದು ಯಲ್ಲಾಪುರಕ್ಕೆ ಬಂದವರು, ನನ್ನ ಅಂಗಡಿಗೆ ಬಂದರು. ಜೇನುಪೆಟ್ಟಿಗೆ ಇಟ್ಟವರು. ಜೇನು ಕಚ್ಚಿ ಕಣ್ಣಿನ ರೆಪ್ಪೆ ವಾರಗಟ್ಟಲೆ ಬಾತುಕೊಂಡಿದ್ದರಿಂದ, ಅಗಲ ಅಂಚಿನ ಟೊಪ್ಪಿಗೆ ಸುತ್ತಲೂ ಪರದೆ ಹೊಲಿದು ಕೊಡಿ ಎಂದರು. ಹೊಲಿದು ಮುಗಿಸಿ, ಅಳತೆ ನೋಡಲು ಅವರ ತಲೆಗೆ ಹಾಕಿ ಬಾಗಿಲಾಚೆ ಬೆಳಕಿಗೆ ನಿಲ್ಲಿಸಿದೆ. ಮುಖವಿಲ್ಲದ ಆ ಆಕೃತಿ ಕಂಡು ಪಕ್ಕದ ಶೆಡ್ಡಿನ ನಾಯಿಗಳೆಲ್ಲ ಒಟ್ಟಿಗೆ ಕೂಗೆಬ್ಬಿಸಿದವು. ಡಿಪೋದವಳು ಮಿಷಿನ್ನಿನ ಅಡಿಯಿಂದ ಎದ್ದಳು, ಮೈ ಮುರಿದಳು, ಹೋಗಿ ಆ ಅಮ್ಮನ ಪಾದದ ಹತ್ತಿರ ಕುಳಿತು ಪರದೆಯೊಳಗೆ ಇಣುಕಿ ನೋಡಿದಳು.

“ಇದೆಂತು, ಬೊಗಳ್ತೇ ಇಲ್ಲೆ?” ಎಂದು ಅವರು ಪರದೆ ಎತ್ತಿದರು. ಯಾರ ನಾಯಿ ಎಂದು ಕೇಳಿದರು. ಯಾರದ್ದೂ ಅಲ್ಲ ಎಂದೆ. ಕೊಡುತ್ತೀರಾ ಎಂದರು.

ಆಗ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಅವಳ ದೋಷಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಪ್ರಾಮಾಣಿಕತೆಯಿಂದಲ್ಲ, ಅವರು ಬೇಡ ಅನ್ನಲಿ ಎಂಬ ಆಸೆಯಿಂದ.

“ಬೊಗಳೂದ ಇಲ್ರಿ. ಮಂಗ್ಯಾ ಓಡಸೂದಿಲ್ಲ. ದಿನಾ ಪೂರ್ತಿ ಒಂದ ಕಡೆ ಕುಂತಿರ್ತೈತಿ. ನೊಣ ಕೂತರೂ ಬಾಯಿ ಹಾಕೂದಿಲ್ರಿ.”

ಆ ಅಮ್ಮ ಕೇಳುತ್ತ ಕೇಳುತ್ತ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರ ಹಿಂದಿನ ನಾಯಿ ಹಾರುವ ಹುಳುವಿಗೆಲ್ಲ ಬಾಯಿ ಹಾಕುತ್ತಿತ್ತಂತೆ, ಪೆಟ್ಟಿಗೆಗಳ ನಡುವೆ ಕುಣಿದು ರಂಪ ಮಾಡುತ್ತಿತ್ತಂತೆ. ಅದು ಸತ್ತ ಮೇಲೆ ಇನ್ನೊಂದನ್ನು ತರಲು ಧೈರ್ಯವಾಗಿರಲಿಲ್ಲವಂತೆ.

“ಜೇನಿನ ಹತ್ರ ಕೂರಲೆ ಇಂಥದ್ದೇ ಬೇಕಾಗಿತ್ತು ಯಂಗೆ” ಎಂದರು. “ನೀವು ಹೇಳಿದ್ದು ಒಳ್ಳೇದಾತು.”

ಒಳ್ಳೆಯದೇ ಆಯಿತು. ಕಂಪೌಂಡರು ಎಂಟು ದಿನದ ವಾಯಿದೆ ಹೇಳಿ ಒಪ್ಪಿದರು. ಅವಳ ಕೊರಳಿಗೆ ನಾನೇ ಹಸಿರು ಕ್ಯಾನ್ವಾಸಿನ ಪಟ್ಟಿ ಹೊಲಿದು ಕಟ್ಟಿದೆ. ಜೀಪು ಹತ್ತುವ ಮೊದಲು ಅವಳು ನನ್ನನ್ನೊಮ್ಮೆ ನೋಡಿದಳು. ನಾನು ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿಕೊಂಡೆ.

ಆ ಎಂಟು ದಿನ ನನ್ನ ಹೊಲಿಗೆ ಹಾಳು. ಒಂದು ಲಂಗದ ಕೆಳಗಿನ ಅಂಚನ್ನೂ ಮುಚ್ಚಿ ಹೊಲಿದು ಚೀಲ ಮಾಡಿಟ್ಟೆ. ಒಮ್ಮೆ ಅವಳು ವಾಪಸ್ ಬರಲಿ ಎಂದು, ಇನ್ನೊಮ್ಮೆ ಬಾರದಿರಲಿ ಎಂದು ಬೇಡಿಕೊಂಡೆ. ಎಂಟನೇ ದಿನ ಮಧ್ಯಾಹ್ನ ಕಂಪೌಂಡರು ಫೋನು ಹಿಡಿದುಕೊಂಡು ಅಂಗಡಿಗೇ ಬಂದು ನನ್ನ ಕೈಗೆ ಕೊಟ್ಟರು.

“ಯಮ್ಮನೆಲಿ ಹಳೇ ಹೊಲಿಗೆ ಮಿಷಿನ್ನು ಒಂದು ಇದ್ದು” ಎಂದಿತು ಆ ಅಮ್ಮನ ದನಿ. “ಬಂದ ದಿನದಿಂದ ಅದರ ಅಡಿಗೇ ಮಲಗ್ತು. ಅಲ್ಲಿ ನೀವು ಚಲೋ ನೋಡ್ಕಂಡಿದ್ರಿ ಅನ್ನೋದು ಗೊತ್ತಾತು.”

ಆಮೇಲೆ ಹೆಸರು ಹೇಳಿದರು. ನಾನು ಅದನ್ನೇ ಗಟ್ಟಿಯಾಗಿ ಹೇಳಿದೆ, ಕಂಪೌಂಡರು ಹೋಗಿ ಹಲಗೆಯ ಮೇಲೆ ಬರೆದರು. ನಾನು ಅಳುತ್ತಿದ್ದೆ, ಸಂತೋಷಕ್ಕೇ. ಆ ದಿನದ ಬೆಲ್ಲ ನನ್ನ ಕಡೆಯಿಂದ. ಮೊದಲ ಬಾರಿಗೆ ಜಾಲರಿಯ ಒಳಗೆ ಹೋಗಿ, ಇಪ್ಪತ್ತು ನಾಯಿಗಳ ನಡುವೆ ನಿಂತು, ನನ್ನ ಕೈಯಾರೆ ಹಂಚಿದೆ. ಈಗ ಬೆಳಗಿನ ಅನ್ನ ಹಾಕುವ ಕೆಲಸ ನನ್ನದೇ. ನಲವತ್ತು ವರ್ಷದ ಹೆದರಿಕೆಯನ್ನು ಹೊಲಿಗೆ ಬಿಚ್ಚಿದಷ್ಟು ಸಲೀಸಾಗಿ ಬಿಚ್ಚಿದವಳು ಅವಳು. ಆ ಋಣ ನನ್ನ ಮೇಲಿದೆ.

ಎರಡು ತಿಂಗಳ ಮೇಲೆ ಸಿರ್ಸಿಯಲ್ಲಿ ಬಸ್ಸು ಬದಲಿಸಿ ಸಿದ್ದಾಪುರಕ್ಕೆ ಹೋದೆ, ಡಬ್ಬಿಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಇಟ್ಟುಕೊಂಡು. ಜೇನುಪೆಟ್ಟಿಗೆಗಳ ನಡುವೆ ಬಿಸಿಲು ಕಾಯಿಸುತ್ತ ಮಲಗಿದ್ದಳು. ಸುತ್ತ ಹುಳುಗಳು ಹಾರಾಡುತ್ತಿದ್ದವು. ಬೇಲಿಯಾಚೆಯಿಂದ “ಏ ಡಿಪೋದಾಕಿ” ಎಂದು ಕರೆದೆ. ಮಡಚಿದ ಕಿವಿ ಕೂಡ ಅಲ್ಲಾಡಲಿಲ್ಲ. ನನ್ನ ಮುಖ ಸಪ್ಪಗಾಗಿದ್ದನ್ನು ಕಂಡು ಆ ಅಮ್ಮ ಜಗುಲಿಯಿಂದಲೇ, ಮೆಲ್ಲಗೆ, ಅವಳ ಹೆಸರು ಹಿಡಿದು ಕರೆದರು.

ಆ ಹೆಸರಿಗೆ ಅವಳು ಎದ್ದಳು. ಎದ್ದವಳು ಸೀದಾ ನನ್ನ ಹತ್ತಿರ ಬಂದಳು.