ಕಪ್ಪು ಬಳಿದ ಸಿಲಿಂಡರು

ವೇಣೂರಿನ ಅಕ್ಕನ ಮನೆಯ ಹಿಂಬದಿಯಲ್ಲಿ ಆ ಗ್ಯಾಸ್ ಸಿಲಿಂಡರನ್ನು ನೋಡಿದಾಗ ನನಗೆ ಮೊದಲು ಹೆದರಿಕೆಯಾಗಲಿಲ್ಲ, ಹೇಸಿಗೆಯಾಯಿತು. ಕೆಂಪು ಇರಬೇಕಾದಲ್ಲಿ ಜಿಡ್ಡಿನಂಥ ಕಪ್ಪು. ಬಣ್ಣ ಇಳಿದು ಬುಡದಲ್ಲಿ ಗಡ್ಡೆಕಟ್ಟಿತ್ತು. ಅದರಲ್ಲಿ ಸತ್ತ ಇರುವೆಗಳೂ ಬ್ರಷ್ಷಿನ ಕೂದಲೂ ಅಂಟಿದ್ದವು. ಅಡುಗೆಮನೆಯ ಹೊರಗೋಡೆಯ ಪಕ್ಕ, ಒಲೆಯ ಪೈಪು ಬರುವ ಕಿಟಕಿಯ ಕೆಳಗೆ, ಮಧ್ಯಾಹ್ನದ ಬಿಸಿಲಿಗೆ ಅದು ನಿಂತಿತ್ತು. ಕೈ ಇಟ್ಟವನು ಹಾಗೆಯೇ ಹಿಂದೆ ತೆಗೆದೆ.

"ಇದೆಂತ ಭಾವ?" ಎಂದು ಅಕ್ಕನ ಗಂಡನನ್ನು ಕೇಳಿದೆ.

"ಡ್ರಮ್ಮಿಗೆ ಹೊಡೆದು ಉಳಿದ ಪೇಯಿಂಟು ಮಾರಾಯ. ಸುಮ್ಮನೆ ಒಣಗಿ ಹೋಗುದೆಂತಕ್ಕೆ? ಕಪ್ಪಾದ್ರೆ ಬಿಸಿಲು ಹಿಡೀತದೆ, ಗ್ಯಾಸ್ ಜಾಸ್ತಿ ಬರ್ತದೆ."

ಡ್ರಮ್ಮು ಎಂದರೆ ದನದ ಹಟ್ಟಿಯ ಹಿಂದಿನ ಗೋಬರ್ ಗ್ಯಾಸಿನದು; ಪೇಯಿಂಟಿಗೆಂದು ಎತ್ತಿಟ್ಟದ್ದನ್ನು ಇನ್ನೂ ಗುಂಡಿಗೆ ಇಳಿಸಿರಲಿಲ್ಲ. ಸೆಗಣಿಯ ಗುಂಡಿಯ ಮೇಲೆ ತೇಲುವ ಆ ಕಬ್ಬಿಣದ ಡ್ರಮ್ಮಿಗೆ ತುಕ್ಕು ಹಿಡಿಯದಂತೆ ಕಪ್ಪು ಬಳಿಯುವುದುಂಟು. ಅದು ಬಿಸಿಯಾದರೆ ಒಳಗಿನ ಸೆಗಣಿ ಚೆನ್ನಾಗಿ ಹುಳಿತು ಗ್ಯಾಸು ಹೆಚ್ಚುತ್ತದೆ, ಅದೂ ಸರಿ. ಆದರೆ ಸಿಲಿಂಡರಿನಲ್ಲಿ ಹೊಸತಾಗಿ ಏನೂ ಹುಟ್ಟುವುದಿಲ್ಲ. ಕಪ್ಪು ಬಣ್ಣ ಬಿಸಿಲಿನ ಶಾಖವನ್ನು ಹೀರುತ್ತದೆ, ಒಳಗಿನ ದ್ರವ ಹಿಗ್ಗುತ್ತದೆ, ಒತ್ತಡ ಏರುತ್ತದೆ. ಹೆಚ್ಚುವುದು ಅಪಾಯವೊಂದೇ.

"ಭಾವ, ಇದರೊಳಗೆ ಸೆಗಣಿ ಇಲ್ಲ."

"ಇಲ್ಲ ಅಂತ ನನಗೂ ಗೊತ್ತುಂಟು. ಕಪ್ಪು ಹೊಡೆದ್ರೆ ಒಳ್ಳೇದು ಅಂತ ಹೇಳಿದ್ದು ನೀನೇ ಅಲ್ವಾ? ಮನೆ ಒಕ್ಕಲಿನ ದಿನ, ಊಟ ಆಗಿ ಕೈ ತೊಳೆಯುವಲ್ಲಿ."

ನಾನು ಹೇಳಿದ್ದು ಗೋಬರ್ ಗ್ಯಾಸಿನ ಬಗ್ಗೆ, ಹಟ್ಟಿಯ ಹತ್ತಿರ ನಿಂತು, ಡ್ರಮ್ಮನ್ನೇ ತೋರಿಸಿ. ಆ ದಿನ ಹಾಕಿದ್ದ ನೀಲಿ ಅಂಗಿಯೂ ನೆನಪಿದೆ ಎಂದುಕೊಂಡೆ. ಮರುಕ್ಷಣವೇ ತಿಳಿಯಿತು, ಆ ಅಂಗಿಯನ್ನು ಮೂಡುಬಿದಿರೆಯಲ್ಲಿ ಕೊಂಡದ್ದು ಗೃಹಪ್ರವೇಶ ಕಳೆದ ಮೇಲೆ. ಅಂಗಿ ಸುಳ್ಳಾದರೆ ಹಟ್ಟಿ ನಿಜವೆಂದು ಹೇಗೆ ನಂಬಲಿ? ನೆಂಟರ ಊಟಗಳಲ್ಲಿ ರಸಾಯನಶಾಸ್ತ್ರ ಬಿಚ್ಚುವ ಚಾಳಿ ನನಗಿತ್ತು. ಕೇಳುವವರ ಬಾಯಿ ತೆರೆದಿದ್ದರೆ ಸಾಕು, ತಲೆಗೆ ಏನು ಹೋಯಿತೆಂದು ನೋಡಿದವನಲ್ಲ. ನನ್ನ ಬಗ್ಗೆಯೇ ಹೇಸಿಗೆಯಾಯಿತು.

"ನಾನು ಹಾಗೆ ಹೇಳಿಲ್ಲ," ಎಂದೆ, ಆದರೂ.

"ಹೇಳಿದ್ದಿ."

"ಇಲ್ಲ ಭಾವ."

ಅಕ್ಕ ಸೌಟು ಹಿಡಿದುಕೊಂಡೇ ಹಿಂಬಾಗಿಲಿಗೆ ಬಂದಳು. "ಯಾರು ಬೇಕಾದ್ರೂ ಹೇಳಿರ್ಲಿ. ನಾಲ್ಕು ದಿನದಿಂದ ಒಲೆ ಹತ್ತಿರ ನಿಂತ್ರೆ ವಾಸನೆ ಬರ್ತಾ ಉಂಟು. ಇವರು ಪೇಯಿಂಟಿನ ವಾಸನೆ ಅಂತಾರೆ. ಅಡುಗೆ ಮಾಡುದು ನಾನಲ್ವಾ?"

ಆಗ ನನಗೆ ಹೆದರಿಕೆಯಾಯಿತು. ಒಲೆ ಆರಿಸಲು ಹೇಳಿ ಬಗ್ಗಿ ನೋಡಿದೆ. ಭಾವ ಸಿಲಿಂಡರಿನ ಬಾಯಿಯನ್ನೂ ಬಿಟ್ಟಿರಲಿಲ್ಲ. ಬಣ್ಣ ಅಲ್ಲಿ ಒಣಗಿ ದಪ್ಪಗಟ್ಟಿ, ರೆಗ್ಯುಲೇಟರು ಸೊಟ್ಟಗೆ ಕೂತಿತ್ತು. ಸೋಪಿನ ನೀರು ಹಚ್ಚಿದೆ. ಗುಳ್ಳೆ ಎದ್ದಿತು, ಒಡೆಯಿತು, ಇನ್ನೊಂದು ಎದ್ದಿತು.

"ಸೋಪು ಅಂದ್ಮೇಲೆ ನೊರೆ ಬರುದೇ," ಎಂದರು ಭಾವ.

ಅದು ನೊರೆಯಲ್ಲ, ಸೋರುವ ಗ್ಯಾಸು. ರೆಗ್ಯುಲೇಟರನ್ನು ಬಂದ್ ಮಾಡಿ ಕಳಚಿದೆ, ಬಾಯಿಗೆ ಮುಚ್ಚಳ ಒತ್ತಿ, ಸಿಲಿಂಡರನ್ನು ನೆರಳಿಗೆ ಎಳೆದೆ. ಬಿಸಿಗೆ ಮೆತ್ತಗಾಗಿದ್ದ ಬಣ್ಣ ಎರಡೂ ಅಂಗೈಗೆ ಮೆತ್ತಿಕೊಂಡಿತು. ಅಷ್ಟರಲ್ಲಿ ಅಕ್ಕ ಗ್ಯಾಸಿನವರಿಗೆ ಫೋನು ಮಾಡಿಯಾಗಿತ್ತು.

ಬಂದ ಮೆಕ್ಯಾನಿಕ್ ಸಿಲಿಂಡರಿಗೆ ಒಂದು ಸುತ್ತು ಬಂದ. "ಇದಕ್ಕೆ ಯಾರು ಮಾರಾಯ್ರೆ ಕಾಡಿಗೆ ಹಚ್ಚಿದ್ದು? ನಂಬ್ರ ಕಾಣುದಿಲ್ಲ, ಟೆಸ್ಟಿಂಗ್ ತಾರೀಕು ಕಾಣುದಿಲ್ಲ. ಕಪ್ಪು ಬಿಡಿ, ಬಿಳಿ ಹೊಡೆದ್ರೂ ತಪ್ಪೇ. ಸಿಲಿಂಡರು ನಿಮ್ಮದಲ್ಲ, ಕಂಪೆನಿಯದ್ದು."

"ಇವರು ಹೇಳಿದ್ದು," ಭಾವ ನನ್ನತ್ತ ಕೈ ತೋರಿಸಿದರು. "ಕಾಲೇಜಲ್ಲಿ ಕೆಮಿಸ್ಟ್ರಿ ಕಲಿಸುವವರು."

ಮೆಕ್ಯಾನಿಕ್ ನನ್ನನ್ನು ನೋಡಿದ. ಅಕ್ಕನೂ ನೋಡಿದಳು, ಅವಳಿಗೂ ಈಗ ತಿಳಿಯಬೇಕಿತ್ತು. ಇಲ್ಲ ಎನ್ನಲು ಬಾಯಿ ತೆರೆದೆ. ಆ ದಿನ ಏನೆಂದೆನೋ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಹೇಳಿರಬಹುದು," ಎಂದೆ.

"ಆಯ್ತು, ಇದನ್ನು ಮೊದಲು ಇಲ್ಲಿಂದ ತಗೊಂಡು ಹೋಗಿ," ಎಂದು ಅಕ್ಕ ಮೆಕ್ಯಾನಿಕ್‌ಗೆ ಹೇಳಿದಳು. ಅರ್ಧ ಬೆಂದ ಅನ್ನವನ್ನು ಪಾತ್ರೆಸಮೇತ ಎತ್ತಿಕೊಂಡು ಪಕ್ಕದ ಮನೆಗೆ ಹೊರಟಳು. ನಮ್ಮಿಬ್ಬರಲ್ಲಿ ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ.