ಕೊನೇ ರೀಲು ಬಾರದ ಹಡಗು

ಜಡಿಗೇನಹಳ್ಳಿಯ ಮುನಿವೆಂಕಟಪ್ಪ ಬಾಯಿಂದಲೇ ಬದುಕಿದವನು. ಟೆಂಟ್ ಸಿನಿಮಾ ಇದ್ದ ಕಾಲದಲ್ಲಿ ಇಂಗ್ಲಿಷ್ ಪಿಕ್ಚರ್ ಬಂದರೆ ಪರದೆ ಪಕ್ಕ ಮೈಕು ಹಿಡಿದು ಕನ್ನಡದಲ್ಲಿ ಕಥೆ ಹೇಳುತ್ತಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿತ್ತೇ? ಎಸ್ಸು, ನೋ ಬಿಟ್ಟರೆ ದೇವರಾಣೆಗೂ ಇಲ್ಲ.

ಎಪ್ಪತ್ತೊಂದರ ಯುದ್ಧದ ಡಿಸೆಂಬರಿನಲ್ಲಿ ಹಾಲಿವುಡ್ಡಿನ ಕಡಲ ಯುದ್ಧದ ಪಿಕ್ಚರೊಂದು ಬಂತು. ಎರಡು ಟೆಂಟಿಗೆ ಒಂದೇ ಪ್ರಿಂಟು. ನಂದಗುಡಿಯಲ್ಲಿ ಓಡಿದ ರೀಲು ಸೈಕಲ್ಲಿನಲ್ಲಿ ಇಲ್ಲಿಗೆ ಬರಬೇಕು. ಅವತ್ತು ಕೊನೇ ರೀಲು ಬರಲೇ ಇಲ್ಲ. ಹಡಗಿಗೆ ಗುಂಡು ಬಿದ್ದು ನೀರು ನುಗ್ಗುತ್ತಿದ್ದಾಗಲೇ ಪರದೆ ಬೆಳ್ಳಗಾಯಿತು. ಜನ ಕಲ್ಲು ಹುಡುಕತೊಡಗಿದರು. ಮುನಿವೆಂಕಟಪ್ಪ ಬರೀ ಪರದೆಯೆದುರೇ ಕಥೆ ಮುಂದುವರಿಸಿ, ತೂತು ಮುಚ್ಚಿಸಿ, ಕ್ಯಾಪ್ಟನ್ನನ್ನೂ ಅವನ ಆಳುಗಳನ್ನೂ ಒಬ್ಬರೂ ತಪ್ಪದಂತೆ ದಡ ಸೇರಿಸಿಬಿಟ್ಟ. ನಂದಗುಡಿಯವರು ಬೇರೆ ಏನೋ ಹೇಳಿದರೂ ನಮ್ಮೂರು ನಂಬಿದ್ದು ನಮ್ಮವನನ್ನೇ. ಆ ರೀಲನ್ನು ಅವನೂ ನೋಡಿರಲಿಲ್ಲ.

ಮೊನ್ನೆ ಭಾನುವಾರ ಮೊಮ್ಮಗಳು ನವ್ಯಶ್ರೀ ಅದೇ ಪಿಕ್ಚರು ಹುಡುಕಿ, ಹಾಲಿನ ಡೇರಿಯ ದೊಡ್ಡ ಟೀವಿಗೆ ಹಾಕಿ ಊರನ್ನೆಲ್ಲ ಕರೆದಳು.

"ತಾತಾ, ಪೂರ್ತಿ ಐತೆ!"

ಮುದುಕನಿಗೆ ದಿಗಿಲಾಯಿತು. ಐವತ್ತು ವರ್ಷ ಊರು ನಂಬಿದ ಕಥೆ ಸುಳ್ಳಾದರೆ ಮುಖ ಎಲ್ಲಿಟ್ಟುಕೊಳ್ಳುವುದು?

ಸುಳ್ಳೇ ಆಯಿತು. ಹಡಗು ಮುಳುಗಿತು, ಜೊತೆಗೆ ಕ್ಯಾಪ್ಟನ್ನೂ ಮುಳುಗಿದ.

"ತಾತ ಊರಿಗೆಲ್ಲ ಕಿವಿ ಮೇಲೆ ಹೂವ ಇಟ್ಬಿಟ್ಟವ್ರೆ ಗುರು!" ಡೇರಿಯ ಅಂಬರೀಶ ನಕ್ಕ.

ಮುನಿವೆಂಕಟಪ್ಪ ಎದ್ದು ನಿಂತ. "ಹೌದು ಕಣಪ್ಪಾ. ರೀಲು ಬರ್ಲಿಲ್ಲ, ನಾನೇ ಕಟ್ಟಿ ಹೇಳ್ಬಿಟ್ಟೆ."

"ಸುಮ್ಕಿರ್ಲಾ ಅಂಬರೀಶ!" ಹಿಂದಿನಿಂದ ಮುನಿಲಕ್ಷ್ಮಮ್ಮ ಗದರಿದಳು. "ನಮ್ಮೋರು ಆವಾಗ ಮಿಲಿಟ್ರೀಲಿದ್ರು. ತಿಂಗಳಿಂದ ಕಾಗ್ದ ಇಲ್ಲ, ನಂಗೆ ನಿದ್ದೆ ಇಲ್ಲ. ಎಲ್ರೂ ಬಂದ್ರು ಅಂತ ಈ ಅಣ್ಣ ಹೇಳಿದ್ ದಿನಾನೇ ನಾನು ಕಣ್ಮುಚ್ಚಿದ್ದು. ಬಂದ್ರೋ ಇಲ್ವೋ ನೋಡು, ಇಲ್ಲೇ ಕೂತವ್ರೆ!"

ಪಕ್ಕದಲ್ಲಿ ಅವಳ ಗಂಡ ವೆಂಕಟರಾಯಪ್ಪ ಊರುಗೋಲು ಎತ್ತಿ ತೋರಿಸಿದ.

"ಪಿಕ್ಚರ್ನೋರೇ ತಪ್ಪು ತೆಗ್ದವ್ರೆ. ಟೀವಿ ಆರ್ಸವ್ವಾ ನವ್ಯಾ. ಅಣ್ಣಾ, ನೀನ್ ಹೇಳು," ಎಂದಳು ಮುನಿಲಕ್ಷ್ಮಮ್ಮ.

ಟೀವಿ ಆರಿತು. ಅಂಬರೀಶನೇ ಡೇರಿಯ ಮೈಕು ತಂದು ಮುದುಕನ ಕೈಗಿಟ್ಟ.

"ಮಹಾಜನಗಳೇ, ಹಡಗಿಗೆ ತೂತು ಬಿದ್ದೈತೆ! ಆದ್ರೆ ನಮ್ ಕ್ಯಾಪ್ಟನ್ ಹೆದ್ರೋ ಪೈಕಿ ಅಲ್ಲ..."

ಎಂಬತ್ತರ ಹತ್ತಿರದ ಆ ಗಂಟಲು ಡೇರಿ ದಾಟಿ ಬಸ್‌ಸ್ಟ್ಯಾಂಡಿಗೂ ಕೇಳಿಸಿತು. ಕೊನೆಯ ಆಳು ದಡಕ್ಕೆ ಕಾಲಿಟ್ಟಾಗ ಮೊದಲ ಶಿಳ್ಳೆ ಹೊಡೆದದ್ದು ವೆಂಕಟರಾಯಪ್ಪ.