ಅವಳೇ ಅಕ್ಕ ಎಂದೆ

“ಬೂತಾಯಿ ಮೀನು ಕೊಯ್ಯುವವಳ ಮಗಳು ಡಿಗ್ರಿ ಮಾಡುವುದಾ? ಕಡಲು ಒಣಗಿದ ಮೇಲೆ ನೋಡುವ!” ಎಂದು ಅಮ್ಮ ದುಡಿಯುತ್ತಿದ್ದ ಮೀನಿನ ಡಬ್ಬಿ ಫ್ಯಾಕ್ಟರಿಯ ಸೂಪರ್‌ವೈಸರ್ ಎಲ್ಲರೆದುರು ನಕ್ಕಿದ್ದರು. ಕಡಲು ಒಣಗಲಿಲ್ಲ, ನಾನು ಬಿ.ಕಾಂ. ಮಾಡಿದೆ. ನಮ್ಮ ಕುಟುಂಬದಲ್ಲಿ ಮೊದಲ ಪದವಿ. ಆದರೆ ಆ ಪದವಿಪತ್ರದ ಮೇಲಿರುವ ಹೆಸರು ನನ್ನದಲ್ಲ — ನನ್ನ ತಂಗಿಯದು. ಆ ಹೆಸರು ನನ್ನಲ್ಲೇ ಉಳಿಯುವಂತೆ ಸುಳ್ಳು ಹೇಳಿದ್ದು ಅಮ್ಮನಲ್ಲ, ನಾನು.

ನಾನು ಶಾರದಾ. ತಂಗಿ ಲೀಲಾವತಿ. ಅಪ್ಪ ತೀರಿಕೊಂಡ ವರ್ಷ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಫ್ಯಾಕ್ಟರಿಯ ಲೈನ್ ಮನೆಗೆ ಬಂದಳು. ಒಬ್ಬಳು ಶಾಲೆಗೆ, ಒಬ್ಬಳು ಕೆಲಸಕ್ಕೆ — ಅದು ತೀರ್ಮಾನವಾಗಿತ್ತು. ಹದಿನಾಲ್ಕು ತುಂಬಿದವರಿಗೆ ಮಾತ್ರ ಕೆಲಸ. ನನಗೆ ತುಂಬಿತ್ತು, ಲೀಲಾಗೆ ಹನ್ನೆರಡು. ವಯಸ್ಸಿನ ಪುರಾವೆಗೆಂದು ಅಮ್ಮ ನನ್ನ ಟಿ.ಸಿ.ಯನ್ನು ಫ್ಯಾಕ್ಟರಿಗೆ ಕೊಟ್ಟಳು.

ಕೆಲಸಕ್ಕೆ ಸೇರುವ ಹಿಂದಿನ ದಿನ ಮೀನಿನ ಮುಳ್ಳು ಚುಚ್ಚಿ ನನ್ನ ಬಲಗೈ ಊದಿಕೊಂಡಿತು. ಟಿ.ಸಿ.ಯಲ್ಲಿ ಫೋಟೊ ಇರಲಿಲ್ಲ, ಆ ಊರಿನಲ್ಲಿ ನಮ್ಮ ಗುರುತಿನವರೂ ಇರಲಿಲ್ಲ. ನನ್ನ ಬದಲು ಲೀಲಾ ಹೋದಳು, ಶಾರದಾ ಆಗಿ. ಅವಳ ಟಿ.ಸಿ. ಹಿಡಿದು ನಾನು ಶಾಲೆಗೆ ಸೇರಿದೆ, ಲೀಲಾವತಿಯಾಗಿ. “ಕೈ ಗುಣ ಆಗುವವರೆಗೆ ಮಾತ್ರ ಮಗಾ. ಮನೆಯಲ್ಲೂ ಹೆಸರು ತಪ್ಪಬಾರದು, ಪಕ್ಕದವರಿಗೆ ಎಲ್ಲ ಕೇಳ್ತದೆ,” ಎಂದಳು ಅಮ್ಮ. ಆ ದಿನದಿಂದ ನಾನು ತಂಗಿಯನ್ನು ‘ಅಕ್ಕ’ ಎಂದೆ.

ಎರಡೇ ವಾರದಲ್ಲಿ ಕೈ ಗುಣವಾಯಿತು. ನಾನು ಬಾಯಿ ಬಿಡಲಿಲ್ಲ. ಕೈಗೆ ಬಟ್ಟೆ ಕಟ್ಟಿಕೊಂಡೇ ಶಾಲೆಗೆ ಹೋದೆ — ಕಲಿತದ್ದನ್ನೇ ಮತ್ತೆ ಕಲಿತು ತರಗತಿಗೆ ಮೊದಲಿಗಳಾದೆ. ಬಟ್ಟೆ ಬಿಚ್ಚುವ ಹೊತ್ತಿಗೆ ಶಾಲೆಯಲ್ಲೂ ಫ್ಯಾಕ್ಟರಿಯಲ್ಲೂ ನಮ್ಮ ಮುಖ ಗುರುತಾಗಿತ್ತು, ಮತ್ತೆ ಅದಲುಬದಲು ಮಾಡಲು ಅಮ್ಮನಿಗೆ ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಲೈನ್ ಮನೆಗೆ ಬಂದರು. ಅಮ್ಮ ಪಾಳಿಯಲ್ಲಿದ್ದಳು. ಲೀಲಾ ಆಗಷ್ಟೇ ಊಟಕ್ಕೆ ಬಂದಿದ್ದಳು, ಲಂಗದ ಮೇಲೆಲ್ಲ ಮೀನಿನ ಪೊರೆ. ಅವರು ಅವಳ ಬೆರಳುಗಳನ್ನು ತಿರುಗಿಸಿ ನೋಡಿದರು. ಉಪ್ಪುನೀರಿಗೆ ತುದಿಗಳು ಬೆಳ್ಳಗೆ ಬಿರಿದಿದ್ದವು.

“ನಿಮ್ಮಲ್ಲಿ ದೊಡ್ಡವಳು ಯಾರು?” ಎಂದು ನನ್ನನ್ನು ಕೇಳಿದರು. “ಹೆದರಬೇಡ. ಇವಳು ಚಿಕ್ಕವಳಾದರೆ ನಾಳೆಯೇ ಶಾಲೆಗೆ ಸೇರಿಸುತ್ತೇನೆ.”

ಲೀಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಮಾತು — ಒಂದೇ ಮಾತು ಸಾಕಿತ್ತು. ಅದನ್ನಾಡಿದರೆ ನಾಳೆ ಆ ಕತ್ತಿ ಹಿಡಿಯುವವಳು ನಾನು.

“ಅವಳೇ ಅಕ್ಕ ಸರ್.”

“ನಿನಗಿಂತ ಗಿಡ್ಡ ಇದ್ದಾಳಲ್ಲ?”

“ಗಿಡ್ಡ ಅಷ್ಟೇ ಸರ್.”

ಅವರು ಬರೆದುಕೊಂಡು ಹೋದರು. ಲೀಲಾ ಗಂಜಿ ಊಟ ಮಾಡಿ ಫ್ಯಾಕ್ಟರಿಗೆ ಮರಳಿದಳು. ಮದುವೆಯಾಗುವವರೆಗೂ ಅಲ್ಲೇ ಇದ್ದಳು. ಆಮೇಲೆ ಅಮ್ಮನ ಜೊತೆ ಮಾತು ಬಿಟ್ಟಳು — ನನಗೆ ಸುಳ್ಳು ಕಲಿಸಿಕೊಟ್ಟದ್ದು ಅಮ್ಮ ಎಂದು ಅವಳು ನಂಬಿದ್ದಳು. ಅಮ್ಮನಿಗೆ ಆ ಅಧಿಕಾರಿ ಬಂದದ್ದೇ ತಿಳಿದಿರಲಿಲ್ಲ. ಮಗಳು ಯಾಕೆ ಮುಖ ತಿರುಗಿಸುತ್ತಾಳೆಂದು ಕೇಳಿ ಕೇಳಿ ಅಮ್ಮ ತೀರಿಕೊಂಡಳು. ನಾನು ಆಗಲೂ —

ಈಗ ನಾನು ಅಬುಧಾಬಿಯಲ್ಲಿದ್ದೇನೆ. ಖಲೀಫಾ ಸಿಟಿಯ ಒಂದು ಶಾಲೆಯ ಕಚೇರಿಯಲ್ಲಿ ಮಕ್ಕಳ ಟಿ.ಸಿ.ಗಳು ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷಿಸುವುದೇ ನನ್ನ ಕೆಲಸ. ನನ್ನ ಪದವಿಪತ್ರದ ಬೆನ್ನ ಮೇಲೆ, ಇದು ಅಸಲಿ ಎಂದು ದೃಢೀಕರಿಸಿದ ಅಟೆಸ್ಟೇಶನ್‌ನ ಮುದ್ರೆಗಳಿವೆ. ವಿಷಯ ಹೊರಬಿದ್ದರೆ ಕೆಲಸವೂ ಹೋದೀತು, ವೀಸಾವೂ ಹೋದೀತು. ಹಾಗೆಂದು ಇಷ್ಟು ವರ್ಷ ಸುಮ್ಮನಿದ್ದೆ.

ಕಳೆದ ತಿಂಗಳು ತಂಗಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡೆ. ಅವಳ ಪಾಸ್‌ಪೋರ್ಟ್‌ನಲ್ಲಿ ನನ್ನ ಹೆಸರು. ಭಾನುವಾರ ಬೆಳಿಗ್ಗೆ ನಮ್ಮ ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿನಲ್ಲಿ ಅವಳು ಬಂಗುಡೆ ಕೊಯ್ಯುತ್ತಿದ್ದಳು. ನನ್ನ ಮಗಳು ನಿಧಿ ಪಕ್ಕದಲ್ಲಿ ನಿಂತು ಬೆರಗಾದಳು.

“ದೊಡ್ಡಮ್ಮ, ಹೌ ಸೋ ಫಾಸ್ಟ್!”

“ಮೀನಿಗೆ ನನ್ನ ಹೆದರಿಕೆ ಉಂಟು ಮಗಾ,” ಎಂದು ತಂಗಿ ನಕ್ಕಳು.

“ನೀವು ಅಮ್ಮನಿಗಿಂತ ಯಂಗ್ ಕಾಣ್ತೀರಿ. ಆರ್ ಯು ಶೂರ್ ನೀವೇ ದೊಡ್ಡವರಾ?”

ಕತ್ತಿ ನಿಂತಿತು. ತಂಗಿ ತಲೆಯೆತ್ತಲಿಲ್ಲ. “ಕಾಗದದಲ್ಲಿ ಹಾಗೆ ಉಂಟು,” ಎಂದಳು. ನಿಧಿ ನಕ್ಕು, ಫೋನ್ ಹಿಡಿದು ಒಳಗೆ ಹೋದಳು.

ನಾನು ಕಪಾಟು ತೆರೆದೆ. ಪದವಿಪತ್ರ ತೆಗೆದುಕೊಂಡು ಅಡುಗೆಮನೆಗೆ ಬಂದೆ.

“ಆ ಆಫೀಸರ್ ಬಂದ ದಿನ... ಅಮ್ಮ ಏನೂ ಹೇಳಿಕೊಟ್ಟಿರಲಿಲ್ಲ. ನನ್ನ ಕೈ ಗುಣವಾಗಿತ್ತು. ನಾನೇ ಹೇಳಿದ್ದು.”

ಅವಳು ನಲ್ಲಿ ತಿರುಗಿಸಿದಳು. ಎರಡೂ ಕೈಗಳನ್ನು ಸೋಪು ಹಾಕಿ ತೊಳೆದಳು — ಬಹಳ ಹೊತ್ತು ತೊಳೆದಳು. ಸೆರಗಿಗೆ ಒರೆಸಿಕೊಂಡಳು. ನಾನು ಪದವಿಪತ್ರವನ್ನು ಅವಳ ಕೈಗೆ ಕೊಟ್ಟೆ. ಹೆಸರಿನ ಅಕ್ಷರಗಳ ಮೇಲೆ ಬೆರಳಿಟ್ಟು, ಶಾಲೆಯ ಹುಡುಗಿಯಂತೆ ಒಂದೊಂದಾಗಿ ಓದಿದಳು: ಲೀ — ಲಾ — ವ — ತಿ.

“ಅಮ್ಮನ ಹತ್ರ ಹನ್ನೊಂದು ವರ್ಷ ಮಾತಾಡ್ಲಿಲ್ಲ ನಾನು,” ಎಂದಳು. “ಸಾಯುವಾಗ ಬಾಯಿಗೆ ನೀರು ಬಿಡ್ಲಿಕ್ಕೂ ಹೋಗ್ಲಿಲ್ಲ.”

ಅವಳು ತೆರೆದೇ ಬಿಟ್ಟಿದ್ದ ನಲ್ಲಿಯನ್ನು ನಾನು ನಿಲ್ಲಿಸಿದೆ.

ಅವಳು ಪದವಿಪತ್ರವನ್ನು ಮೀನಿನ ನೀರು ತಾಗದಂತೆ ಎದೆಗೆ ಹಿಡಿದುಕೊಂಡಳು.

“ನಿಧಿಯನ್ನು ಕರಿ,” ಎಂದಳು. “ಅವಳೆದುರು ನನ್ನ ಹೆಸರು ಹೇಳು.”